ಟ್ರಂಪೆಟ್ಟಿನಲ್ಲಿ ಗುಟುರು

ಆಷಾಢ ಬಂತೆಂದರೆ ಶಿವಮೊಗ್ಗದ ಕಡೆ ಬ್ಯಾಂಡ್ ಸೆಟ್‌ಗಳಿಗೆ ಮದುವೆಯ ಕೆಲಸ ನಿಲ್ಲುತ್ತದೆ. ಮತ್ತೆ ಉಸಿರು ಬಿಡಲು ಪುರುಸೊತ್ತಿಲ್ಲದಂತೆ ದುಡಿಮೆ ಶುರುವಾಗುವುದು ಚೌತಿಗೆ. ನಡುವೆ ಸಿಗುವುದು ಹೆಚ್ಚುಕಡಿಮೆ ಒಂಬತ್ತು ವಾರ. ಟ್ರಂಪೆಟ್ಟಿನಲ್ಲಿ ಗುಟುರು ಹಾಕುವುದನ್ನು ನಾನು ಕೂಡಿಸಿಕೊಂಡದ್ದು ಈ ಒಂಬತ್ತು ವಾರದಲ್ಲಿ, ದಿನಕ್ಕೆ 20 ನಿಮಿಷದಂತೆ. ಹಂಚಿನ ಮೇಲೆ ಮಳೆ ಹೊಯ್ಯುವ ಹೊತ್ತಿಗೇ ಅಭ್ಯಾಸ ಇಟ್ಟುಕೊಂಡರೆ ಅಕ್ಕಪಕ್ಕದವರಿಗೂ ತೊಂದರೆಯಿಲ್ಲ. ಮೊದಲ ಎರಡು ವಾರ ಹೊರಡುವ ಸದ್ದನ್ನು ನಾವೇ ಕೇಳಿಸಿಕೊಳ್ಳುವುದು ಕಷ್ಟ, ಇನ್ನು ಬೇರೆಯವರ ಪಾಡೇನು.

ಹೋರಿ ಕೊಂಬು ತಗ್ಗಿಸಿ ಹಾಕುವ ಗುಟುರು ಗೊತ್ತಲ್ಲ, ಅದೇ ಜಾತಿಯ ಒರಟು ನಡುಕ ಸ್ವರದ ಒಳಗೇ ಸೇರಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಗ್ರೋಲ್ ಅನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ತಂಡದಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಬಬ್ಬರ್ ಮೈಲಿ (1903–1932) ಇದನ್ನು ತಮ್ಮ ಗುರುತಾಗಿಯೇ ಮಾಡಿಕೊಂಡಿದ್ದರು. ಬೆಲ್ಲಿನ, ಅಂದರೆ ಟ್ರಂಪೆಟ್ಟಿನ ಅಗಲ ಬಾಯಿಯ, ಒಳಗೊಂದು ದನಿ ಅಡಗಿಸುವ ಸಣ್ಣ ಮ್ಯೂಟು, ಹೊರಗೆ ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಕಪ್ಪು, ಹಿಂದಿನಿಂದ ಗಂಟಲ ಸದ್ದು: ಈ ಮೂರನ್ನು ಒಟ್ಟಿಗೆ ಸೇರಿಸಿದರೆ ಅವರ ದನಿ. 1929ರಲ್ಲಿ ಅವರ ಜಾಗಕ್ಕೆ ಬಂದ ಕೂಟಿ ವಿಲಿಯಮ್ಸ್ ಅದನ್ನೇ ಮುಂದುವರಿಸಿದರು. ಹಳೆಯ ಮುದ್ರಿಕೆಗಳನ್ನು ಕೇಳಿ ಹೊರಟವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಎಲ್ಲವನ್ನೂ ಒಂದೇ ಸಲಕ್ಕೆ ಮಾಡಲು ಹೋಗಿ ಗಂಟಲು ಕೆರೆದುಕೊಳ್ಳುತ್ತಾರೆ. ನಾಲಿಗೆಯ ತುದಿ, ಕಿರುನಾಲಿಗೆ, ಕಂಠ, ಕೈ ಇವು ನಾಲ್ಕೂ ಬೇರೆ ಬೇರೆ ಕೆಲಸ. ಬೇರೆ ಬೇರೆಯಾಗಿಯೇ ಕಲಿತು ಆಮೇಲೆ ಜೋಡಿಸಬೇಕು.

ಶುರು ಮಾಡುವ ಮೊದಲು ಒಂದು ಪರೀಕ್ಷೆ. ವಾಲ್ವ್ ಯಾವುದನ್ನೂ ಒತ್ತದೆ ಊದಿದರೆ ಕೆಳಗಿನಿಂದ ಸ, ಪ, ಮೇಲಿನ ಸ, ಗ, ಪ ಬರುತ್ತವೆ. ಬಿ ಫ್ಲ್ಯಾಟ್ ಟ್ರಂಪೆಟ್ಟಿನಲ್ಲಿ ಆ ಕೆಳಗಿನ ಸ ಅಂದರೆ ಸೆಕೆಂಡಿಗೆ ಸುಮಾರು 233 ಕಂಪನ, ಮೊದಲ ಪ ಸುಮಾರು 349, ಮೇಲಿನ ಸ 466. ಈ ಮೂರು ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತವೆ. ಲಯ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಮೊದಲ ಪ ಸ್ವರವನ್ನು 12 ಎಣಿಕೆ ಅಲುಗದೆ ಹಿಡಿಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಗುಟುರಿನ ಗೊಡವೆಗೆ ಹೋಗಬೇಡಿ. ಗುಟುರು ಗಾಳಿಯನ್ನು ತಿನ್ನುತ್ತದೆ. ಸಾದಾ ಸ್ವರವನ್ನು 12 ಎಣಿಕೆ ಹಿಡಿಯುವವನಿಗೆ ಗುಟುರು ಸೇರಿಸಿದಾಗ ಸಿಗುವುದು ಏಳೋ ಎಂಟೋ. ಐದು ಎಣಿಕೆಯ ಉಸಿರು ಇರುವವನಿಗೆ ಏನೂ ಉಳಿಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ನೀರು ಬಿಡುವ ಕೀಲಿಯನ್ನು ಒತ್ತಿ ಕೊಳವೆಯನ್ನು ಖಾಲಿ ಮಾಡಿಕೊಳ್ಳಿ. ಮಳೆಗಾಲದ ತಣ್ಣನೆಯ ಹಿತ್ತಾಳೆಯಲ್ಲಿ ಉಸಿರಿನ ಆವಿ ಬೇಗ ನೀರಾಗುತ್ತದೆ. ಕೊಳವೆಯಲ್ಲಿ ಅರ್ಧ ಚಮಚ ನೀರು ನಿಂತರೂ ಗಳಗಳ ಎನ್ನುವ ಸದ್ದು ಬರುತ್ತದೆ. ಹೊಸದಾಗಿ ಕಲಿಯುವವರು ಅದನ್ನೇ ಗುಟುರು ಬಂತೆಂದು ಸಂಭ್ರಮಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲ ಮೂರು ವಾರ ನಾಲಿಗೆಗೆ. ಇದನ್ನು ಫ್ಲಟರ್ ಟಂಗ್ ಅನ್ನುತ್ತಾರೆ. ನಾಲಿಗೆಯ ತುದಿಯನ್ನು ರ್ರ್ರ್ ಎಂದು ಉರುಳಿಸುತ್ತ ಊದುವುದು, ಅಷ್ಟೇ. ಇದರಲ್ಲಿ ಕನ್ನಡದವರಿಗೆ ಹುಟ್ಟಿನಿಂದ ಬಂದ ಅನುಕೂಲವಿದೆ. ಇಂಗ್ಲಿಷ್ ಮನೆಮಾತಿನವರು ರಕಾರವನ್ನು ನಾಲಿಗೆ ತಾಗಿಸದೆಯೇ ಹೇಳಿಬಿಡುತ್ತಾರೆ. ಅವರು ಈ ಉರುಳನ್ನು ಹೊಸದಾಗಿ ಕಲಿಯಬೇಕು. ನಾವು ಜರ್ರನೆ, ಸರ್ರನೆ ಎನ್ನುವಾಗಲೇ ನಾಲಿಗೆಯ ತುದಿ ಎರಡು ಮೂರು ಸಲ ಬಡಿದು ಆಗಿರುತ್ತದೆ. ಮಕ್ಕಳು ಡುರ್ರ್ ಎಂದು ಬಸ್ ಬಿಡುವ ಆಟವಂತೂ ಪೂರ್ತಿ ಪಾಠವೇ. ತೊಂದರೆ ಇರುವುದು ಒಂದರಲ್ಲಿ ಮಾತ್ರ: ಮಾತಿನಲ್ಲಿ ಈ ರಕಾರಕ್ಕೆ ಕಂಠದ ದನಿ ಸೇರಿರುತ್ತದೆ, ವಾದ್ಯದಲ್ಲಿ ಈ ಹಂತಕ್ಕೆ ಬೇಕಾದದ್ದು ಬರೀ ಗಾಳಿ. ಆದ್ದರಿಂದ ಪಿಸುಮಾತಿನಲ್ಲಿ ತ್ರ್ರ್ರ್ ಎನ್ನಿ. ಕತ್ತಿನ ಮೇಲೆ ಎರಡು ಬೆರಳಿಟ್ಟು ನೋಡಿ, ಅಲ್ಲಿ ಕಂಪನ ಇರಬಾರದು. ಮೇಲಿನ ಹಲ್ಲಿನ ಹಿಂದೆ ವಸಡು ಉಬ್ಬಿಕೊಂಡಿರುವ ಜಾಗಕ್ಕೆ ನಾಲಿಗೆಯ ತುದಿ ಸಡಿಲವಾಗಿ ತಾಗಿರಲಿ. ನಾಲಿಗೆಯನ್ನು ನಾವು ಆಡಿಸುವುದಿಲ್ಲ, ಗಾಳಿ ಆಡಿಸುತ್ತದೆ, ಬಾಗಿಲ ಸಂದಿಯಲ್ಲಿ ಸಿಕ್ಕಿದ ಕಾಗದವನ್ನು ಗಾಳಿ ಪಟಪಟ ಎನ್ನಿಸುವ ಹಾಗೆ. ಸೆಕೆಂಡಿಗೆ ಇಪ್ಪತ್ತೈದರ ಆಸುಪಾಸಿನಲ್ಲಿ ನಡೆಯುವ ಈ ಬಡಿತವನ್ನು ಬೇಕೆಂದು ವೇಗ ಮಾಡಲೂ ಆಗದು, ನಿಧಾನ ಮಾಡಲೂ ಆಗದು.

ವಾದ್ಯವಿಲ್ಲದೆ ಎಂಟು ಎಣಿಕೆ ಹಿಡಿಯಲು ಬಂದ ಮೇಲೆ ವಾದ್ಯಕ್ಕೆ ಬನ್ನಿ. ಮೊದಲ ಪ ಸ್ವರವನ್ನು ಎರಡು ಎಣಿಕೆ ಸಾದಾ ಹಿಡಿದು, ಮೂರನೆಯದರಲ್ಲಿ ನಾಲಿಗೆಯನ್ನು ಮೇಲೆತ್ತಿ ಉರುಳು ಸೇರಿಸಿ, ನಾಲ್ಕು ಎಣಿಕೆ ಆದ ಮೇಲೆ ಮತ್ತೆ ಸಾದಾ. ಹೀಗೆ ನಡುವೆ ಸೇರಿಸಿ ನಡುವೆ ತೆಗೆಯುವುದು ಮುಖ್ಯ. ಉರುಳಿನಿಂದಲೇ ಸ್ವರ ಶುರು ಮಾಡಲು ಹೋದರೆ ತುಟಿ ಕಂಪಿಸುವ ಮೊದಲೇ ಗಾಳಿ ತುಂಡು ತುಂಡಾಗಿ ಫುಸ್ಸೆನ್ನುತ್ತದೆ. ಎರಡನೆಯ ವಾರದ ಕೊನೆಯವರೆಗೆ ಅದಕ್ಕೆ ಕೈ ಹಾಕಬೇಡಿ.

ಇಲ್ಲಿ ಆಗುವ ತಪ್ಪುಗಳು ಬಹುತೇಕ ಎಲ್ಲರಿಗೂ ಒಂದೇ. ನಾಲಿಗೆ ಎರಡು ಸಲ ಬಡಿದು ಅಂಟಿಕೊಂಡು ನಿಂತುಬಿಡುತ್ತದೆ: ಹೊಟ್ಟೆಯ ಗಾಳಿ ಸಾಲದು, ಅಥವಾ ನಾಲಿಗೆ ತೀರಾ ಮುಂದೆ ಬಂದು ಹಲ್ಲಿಗೆ ಒತ್ತಿದೆ. ತುದಿಯನ್ನು ಭತ್ತದ ಕಾಳಿನಷ್ಟು ಹಿಂದಕ್ಕೆ ತನ್ನಿ, ಹಲ್ಲುಗಳ ನಡುವಿನ ಸಂದು ಸ್ವಲ್ಪ ಅಗಲಿಸಿ. ಉರುಳು ಬರುತ್ತದೆ, ಆದರೆ ಸ್ವರ ಕಳಚಿ ಕೆಳಗಿನ ಸ ಸ್ವರಕ್ಕೆ ಬೀಳುತ್ತದೆ: ಸಂದು ಅಗಲಿಸುವ ಭರದಲ್ಲಿ ತುಟಿಯ ಮೂಲೆಗಳನ್ನೂ ಸಡಿಲ ಬಿಟ್ಟಿದ್ದೀರಿ. ದವಡೆ ಸಡಿಲ, ಮೂಲೆ ಬಿಗಿ. ಹೇಳಲು ಸುಲಭ, ಬರಲು ವಾರ ಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಸ್ವರ ಅಲುಗುತ್ತದೆಂದು ಮೌತ್‌ಪೀಸನ್ನು ತುಟಿಗೆ ಒತ್ತಿ ಒತ್ತಿ ಊದುವುದು. ಊದಿ ಮುಗಿಸಿದ ಮೇಲೆ ತುಟಿಯ ಮೇಲಿನ ಉಂಗುರದ ಗುರುತು ಅರ್ಧ ಗಂಟೆಯಾದರೂ ಹೋಗಲಿಲ್ಲವೆಂದರೆ ಅಂದಿನ ಅಭ್ಯಾಸವೆಲ್ಲ ತಪ್ಪು ದಾರಿಯಲ್ಲಿ ನಡೆದಿದೆ ಎಂದೇ ಲೆಕ್ಕ.

ಮೇಲಿನ ಗ ದಾಟಿದ ಮೇಲೆ ನಾಲಿಗೆಯ ಉರುಳು ಕಷ್ಟ. ಅಲ್ಲಿ ನಾಲಿಗೆಯ ಹಿಂಭಾಗ ತಾನಾಗಿ ಮೇಲೆದ್ದಿರುತ್ತದೆ, ಗಾಳಿಯ ದಾರಿ ಕಿರಿದು, ತುದಿಗೆ ಆಡಲು ಜಾಗ ಸಿಗದು. ತೀರಾ ಮೆಲ್ಲಗೆ ಊದುವಾಗಲೂ ಬರುವುದಿಲ್ಲ, ಬಡಿತಕ್ಕೆ ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಈ ಮೆಲ್ಲಗಿನ ಜಾಗಕ್ಕೆ ಕಿರುನಾಲಿಗೆ.

ಕಿರುನಾಲಿಗೆಯ ಉರುಳು ಕಲಿಯಲು ಬೇಕಾದದ್ದು ಒಂದು ಲೋಟ ಉಗುರುಬೆಚ್ಚಗಿನ ನೀರು. ಶೀತ ಆದಾಗ ಉಪ್ಪುನೀರಿನಲ್ಲಿ ಗಂಟಲು ಗಳಗಳ ಮಾಡುತ್ತೇವಲ್ಲ, ಅದೇ. ಐದು ಸಲ ನೀರಿನಲ್ಲಿ ಮಾಡಿ, ನೀರು ಉಗುಳಿ, ತಲೆ ಹಿಂದಕ್ಕೆ ಬಾಗಿಸಿಕೊಂಡೇ ನೀರಿಲ್ಲದೆ ಮಾಡಿ. ಬಂತೆಂದರೆ ದಿನಕ್ಕಿಷ್ಟು ಎಂದು ಗಲ್ಲವನ್ನು ಕೆಳಗಿಳಿಸುತ್ತ ಬನ್ನಿ. ತಲೆ ನೇರ ಇರುವಾಗಲೂ ಬರುವಂತಾಗಲು ನನಗೆ ಹತ್ತು ದಿನ ಹಿಡಿಯಿತು. ಉರ್ದು ಬಲ್ಲವರಿಗೆ ಇದು ಇನ್ನೂ ಸುಲಭ. ಗಜಲ್ ಎನ್ನುವಾಗ ಮೊದಲ ಅಕ್ಷರ ಅವರ ಬಾಯಲ್ಲಿ ಎಲ್ಲಿ ಹುಟ್ಟುತ್ತದೋ ಹೆಚ್ಚುಕಡಿಮೆ ಅಲ್ಲಿಯೇ ಈ ಉರುಳೂ ಹುಟ್ಟುತ್ತದೆ. ಶಿವಮೊಗ್ಗದ ಬ್ಯಾಂಡುಗಳಲ್ಲಿ ಅಂಥವರಿಗೇನೂ ಕೊರತೆಯಿಲ್ಲ. ಪಕ್ಕದಲ್ಲಿ ನಿಂತು ನುಡಿಸುವವರ ಬಾಯಲ್ಲೇ ಆ ಅಕ್ಷರವನ್ನು ನಾಲ್ಕು ಸಲ ಕೇಳಿಸಿಕೊಳ್ಳುವುದು ಪುಸ್ತಕ ಓದುವುದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಕಿರುನಾಲಿಗೆಯ ದೊಡ್ಡ ಲಾಭ ಏನೆಂದರೆ ನಾಲಿಗೆಯ ತುದಿ ಬಿಡುವಾಗಿರುತ್ತದೆ. ಹಿಂದೆ ಉರುಳು ನಡೆಯುತ್ತಿರುವಾಗಲೇ ಮುಂದೆ ತ ತ ತ ಎಂದು ಸ್ವರಗಳನ್ನು ಬಿಡಿಬಿಡಿಯಾಗಿ ಹೊಡೆಯಬಹುದು. ತುದಿಯ ಉರುಳಿನಲ್ಲಿ ಇದು ಸಾಧ್ಯವೇ ಇಲ್ಲ. ಕೆಳಗಿನ ಸ್ವರಗಳಲ್ಲಿ, ಮೆತ್ತಗಿನ ಜಾಗಗಳಲ್ಲಿ ಇದೇ ಸರಿ. ದನಿ ಸ್ವಲ್ಪ ಮಂಕು, ತುದಿಯ ಉರುಳಿನ ಚುರುಕು ಇದಕ್ಕಿಲ್ಲ.

ಇಷ್ಟರಲ್ಲಿ ಐದು ವಾರ ಮುಗಿದಿರುತ್ತದೆ. ಆರನೆಯ ವಾರ ಕಂಠಕ್ಕೆ. ನಿಜವಾದ ಗುಟುರು ಇರುವುದು ಇಲ್ಲಿ, ಇಲ್ಲಿಯವರೆಗಿನದ್ದು ಅದರ ನೆಂಟರು ಮಾತ್ರ.

ಮಾಡುವುದು ಇಷ್ಟು: ತುಟಿ ಒಂದು ಸ್ವರ ನುಡಿಸುತ್ತಿರುವಾಗ ಕಂಠ ಇನ್ನೊಂದು ಸ್ವರವನ್ನು ಗುನುಗುತ್ತದೆ. ಒಂದೇ ಉಸಿರು ಮೊದಲು ಕಂಠದ ತಂತುಗಳನ್ನು ಅಲುಗಿಸಿ, ಆಮೇಲೆ ತುಟಿಯನ್ನು ಅಲುಗಿಸುತ್ತದೆ. ತುಟಿಗೆ ತಲುಪುವ ಗಾಳಿಯೇ ಆಗಲೇ ಏರಿಳಿಯುತ್ತಿರುವುದರಿಂದ ಎರಡು ಸ್ವರಗಳು ಪಕ್ಕಪಕ್ಕದಲ್ಲಿ ಸುಮ್ಮನೆ ಕೂರುವುದಿಲ್ಲ. ಅವೆರಡನ್ನು ಕೂಡಿದಷ್ಟು ಕಂಪನದ ಒಂದು, ಕಳೆದಷ್ಟು ಕಂಪನದ ಒಂದು, ಹೀಗೆ ಹೊಸ ಸ್ವರಗಳೂ ಹುಟ್ಟುತ್ತವೆ. ಮೊದಲು ಬರೆದ ಅಂಕಿಗಳು ಕೆಲಸಕ್ಕೆ ಬರುವುದು ಈಗ.

ಗಂಡಸರ ದನಿಯವರು ಮೊದಲ ಪ, ಅಂದರೆ 349, ನುಡಿಸುತ್ತ ಕಂಠದಲ್ಲಿ ಮಂದ್ರದ ಸ ಹಿಡಿಯಲಿ. ಅದು ಸುಮಾರು 116. ಕಳೆದರೆ 233, ಕೂಡಿದರೆ ಸುಮಾರು 466. ಎರಡೂ ಸ ಸ್ವರಗಳೇ. ಹಾಗಾಗಿ ಕೇಳುವುದು ಗುಟುರಲ್ಲ, ಹಾರ್ಮೋನಿಯಂ ಒತ್ತಿದಂಥ ತುಂಬಿದ, ನಯವಾದ ಸದ್ದು. ಹೆಂಗಸರ ದನಿಗೆ ಕೆಳಗಿನ ಸ ನುಡಿಸಿ ಕಂಠದಲ್ಲಿ ಅದರ ಮೇಲಿನ ಪ ಹಿಡಿಯುವುದು ಹೊಂದುತ್ತದೆ. 233 ಮತ್ತು 349: ಕಳೆದರೆ 116, ಕೆಳಗೆ ಇನ್ನೊಂದು ಸ. ಕೂಡಿದರೆ 582, ಅದು ಮೇಲಿನ ಅಂತರ ಗಾಂಧಾರ. ಯಾರೂ ನುಡಿಸದ, ಯಾರೂ ಹಾಡದ ಗ ಕೋಣೆಯಲ್ಲಿ ತೇಲುತ್ತದೆ. ಶ್ರುತಿ ಕೂಡಿದ ಕ್ಷಣ ಅದು ತಟ್ಟನೆ ಹತ್ತಿಕೊಳ್ಳುವುದನ್ನು ಒಮ್ಮೆ ಕೇಳಿದರೆ ಮತ್ತೆ ಮತ್ತೆ ಮಾಡಬೇಕೆನ್ನಿಸುತ್ತದೆ. ಆ ದಿನ ಗುಟುರಿನ ಅಭ್ಯಾಸ ಅಲ್ಲಿಗೇ ನಿಂತರೂ ನಷ್ಟವಿಲ್ಲ.

ಗುಟುರು ಬೇಕೆಂದರೆ ಇದೇ ಹೊಂದಾಣಿಕೆಯನ್ನು ಕೆಡಿಸಬೇಕು. ತುಟಿಯಲ್ಲಿ ಪ ಹಾಗೇ ಇರಲಿ, ಕಂಠವನ್ನು ಸ ಬಿಟ್ಟು ಅರ್ಧ ಸ್ವರ ಮೇಲಿನ, ಕರ್ನಾಟಕ ಪದ್ಧತಿಯ ಶುದ್ಧ ರಿಷಭಕ್ಕೆ ಎತ್ತಿ. 116 ಇದ್ದದ್ದು 123 ಆಯಿತು. ಕಳೆದರೆ 226, ಕೂಡಿದರೆ 472, ಯಾವುದೂ ಯಾವುದಕ್ಕೂ ಸೇರದು. ಒಂದಕ್ಕೊಂದು ಹತ್ತಿರವಿದ್ದೂ ಕೂಡದ ಈ ಸ್ವರಗಳ ತಿಕ್ಕಾಟವೇ ಗುಟುರು. ಕಂಠದ ಸ್ವರ ತುಟಿಯ ಸ್ವರಕ್ಕೆ ತೀರಾ ಹತ್ತಿರ ಬಂದರೆ ಸಿಗುವುದು ಇನ್ನೊಂದು ಬಗೆ. ಕೆಳಗಿನ ಸ ನುಡಿಸಿ ಕಂಠದಲ್ಲಿ ಅದೇ ಸ್ಥಾಯಿಯ ಶುದ್ಧ ರಿಷಭ ಗುನುಗಿದರೆ 233 ಮತ್ತು 247, ಸೆಕೆಂಡಿಗೆ ಹದಿನಾಲ್ಕು ಸಲ ದಡದಡ ಎನ್ನುವ ನಡುಕ. ಇನ್ನೊಂದು ಅರ್ಧ ಸ್ವರ ಏರಿಸಿದರೆ ಮೂವತ್ತರ ಹತ್ತಿರ, ನಾಲಿಗೆಯ ಉರುಳಿನಷ್ಟೇ ಒರಟು. ಅಂದರೆ ಗುಟುರಿನ ಒರಟುತನವನ್ನು ಕಂಠದ ಸ್ವರ ಜಾರಿಸಿ ಹೆಚ್ಚು ಕಡಿಮೆ ಮಾಡಬಹುದು. ನಾಲಿಗೆಯ ಉರುಳಿನಲ್ಲಿ ಈ ಹತೋಟಿ ಇಲ್ಲ.

ಇದನ್ನು ಸಾಧಿಸಿದ ಬಗೆ ಹೀಗೆ. ಮೊದಲು ವಾದ್ಯ ಬದಿಗಿಟ್ಟು ಊ ಎಂದು ಗುನುಗುತ್ತ ತುಟಿಯನ್ನು ಮುಚ್ಚಿದಂತೆ ಮಾಡಿ ಬುರ್ರ್ ಎನ್ನಿಸುವುದು. ಆಮೇಲೆ ಮೌತ್‌ಪೀಸ್ ಮಾತ್ರ. ಆಮೇಲೆ ವಾದ್ಯದಲ್ಲಿ ಪ ಸ್ವರವನ್ನು ಮಧ್ಯಮ ಜೋರಿನಲ್ಲಿ ಹಿಡಿದು, ನಾಲ್ಕು ಎಣಿಕೆಯ ನಂತರ ಕಂಠ ಸೇರಿಸುವುದು. ಮೊದಲ ದಿನ ಎಲ್ಲರಿಗೂ ಆಗುವುದು ಒಂದೇ: ಕಂಠ ಸೇರಿದ ತಕ್ಷಣ ತುಟಿಯ ಸ್ವರ ಸತ್ತುಹೋಗುತ್ತದೆ. ಕಂಠದ ತಂತುಗಳು ಹತ್ತಿರ ಬಂದಾಗ ಗಾಳಿಯ ದಾರಿ ಕಿರಿದಾಗುವುದೇ ಕಾರಣ. ಅಲ್ಲಿ ಖರ್ಚಾದ ಒತ್ತಡವನ್ನು ಹೊಟ್ಟೆಯಿಂದ ತುಂಬಿಕೊಡಬೇಕು. ಮಲೆನಾಡಿನ ಬ್ಯಾಂಡ್ ಮಾಸ್ತರರು ಹೇಳುವುದು ಇದನ್ನೇ, “ಗಂಟ್ಲು ಹರ್ಕೊಂಡು ಎಂತ ಮಾಡ್ತಿ ಮಾರಾಯ, ಹೊಟ್ಟೆಯಿಂದ ಊದು.”

ಎರಡನೆಯ ತೊಡಕು ಮೂಗಿನದು. ಮ್ ಎಂದು ಗುನುಗಿ ಅಭ್ಯಾಸವಾದವರ ಗಾಳಿ ಮೂಗಿನಿಂದ ಸೋರಿಹೋಗುತ್ತದೆ. ನುಡಿಸುತ್ತಿರುವಾಗಲೇ ಬೇರೆಯವರಿಂದ ಮೂಗು ಹಿಡಿಸಿಕೊಂಡು ನೋಡಿ. ದನಿ ಬದಲಾಯಿತೆಂದರೆ ಸೋರಿಕೆ ಇದೆ. ಮ್ ಬಿಟ್ಟು ಊ ಅಥವಾ ಓ ಗುನುಗಿದರೆ ಸರಿಹೋಗುತ್ತದೆ. ಮೂರನೆಯದು ಕಿವಿಯದು. ಹಾಡಿ ರೂಢಿಯಿದ್ದವರಿಗೆ ಇದು ಹೆಚ್ಚು, ಅವರ ಕಂಠ ತನಗೆ ಗೊತ್ತಿಲ್ಲದೆ ತುಟಿಯ ಸ್ವರಕ್ಕೋ ಅದರ ಸ ಸ್ವರಕ್ಕೋ ಹೋಗಿ ಕೂತುಬಿಡುತ್ತದೆ. ಬಿಡಿಸಿಕೊಳ್ಳಲು ಎರಡು ಉಪಾಯ. ತಂಬೂರಿ ಆ್ಯಪನ್ನು ಕಂಠದ ಸ್ವರಕ್ಕೆ, ಅಂದರೆ ಆ ಬೇಸುರಾದ ರಿಷಭಕ್ಕೇ, ಇಟ್ಟುಕೊಳ್ಳುವುದು ಒಂದು. ಆಂಬ್ಯುಲೆನ್ಸಿನ ಸೈರನ್ ಹಾಗೆ ಕಂಠವನ್ನು ನಿಧಾನ ಮೇಲೆ ಕೆಳಗೆ ಜಾರಿಸುತ್ತ, ತುಟಿಯ ಸ್ವರವನ್ನು ಮಾತ್ರ ಅಲುಗಿಸದೆ ಇರುವುದು ಇನ್ನೊಂದು. ನನಗೆ ಫಲ ಕೊಟ್ಟದ್ದು ಎರಡನೆಯದು. ಜಾರುವಾಗ ದಾರಿಯಲ್ಲಿ ಒರಟು ಜಾಗಗಳು ತಾವಾಗಿ ಸಿಗುತ್ತವೆ, ಅಲ್ಲಿ ನಿಂತರಾಯಿತು. ಮೇಲಿನ ಸ್ವರಗಳಲ್ಲಿ ನಾಲಿಗೆ ಕೈಕೊಡುವ ಕಡೆಯೂ ಕಂಠ ಕೈಬಿಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಕೆಮ್ಮಿ ಕಫ ತೆಗೆಯುವಾಗ ಗಂಟಲನ್ನು ಖರ್ ಎಂದು ಒತ್ತುತ್ತೇವಲ್ಲ, ಆ ಸದ್ದನ್ನೇ ಸ್ವರದ ಹಿಂದೆ ಇಟ್ಟು ಗುಟುರು ಎನ್ನುವವರಿದ್ದಾರೆ. ಎರಡೇ ದಿನದಲ್ಲಿ ಬರುತ್ತದೆ, ಕೇಳಲು ಭಯಂಕರವಾಗಿಯೂ ಇರುತ್ತದೆ. ಆದರೆ ತಂತುಗಳ ಮೇಲಿನ ಮಾಂಸವೆಲ್ಲ ಹಿಂಡಿಕೊಂಡು ಉಜ್ಜುವುದರಿಂದ ದನಿ ಒಡೆಯುತ್ತದೆ. ಗುರುತು ಹೀಗೆ: ಸರಿಯಾದ ಗುನುಗಿನಲ್ಲಿ ಕಂಪನ ಎದೆಯ ಮೇಲ್ಭಾಗದಲ್ಲಿ, ತುಟಿಯಲ್ಲಿ ತಿಳಿಯುತ್ತದೆ, ಗಂಟಲಲ್ಲಿ ಏನೂ ಕೆರೆಯುವುದಿಲ್ಲ. ಊದಿದ ಮೇಲೆ ಮಾತಾಡಿ ನೋಡಿ, ದನಿ ಗೊಗ್ಗರಾಗಿದ್ದರೆ ತಪ್ಪಾಗಿದೆ. ಎರಡು ದಿನ ಗುಟುರು ಬಿಟ್ಟು ಸಾದಾ ಸ್ವರ ಮಾತ್ರ ಊದಿ. ಸರಿಯಾಗಿ ಮಾಡಿದರೂ ಕಂಠದ ಅಭ್ಯಾಸ ದಿನಕ್ಕೆ ಹತ್ತು ನಿಮಿಷ ದಾಟದಿರಲಿ, ಶೀತ ಕೆಮ್ಮು ಇರುವಾಗ ಬೇಡವೇ ಬೇಡ. ಮಳೆಗಾಲದಲ್ಲಿ ಅಭ್ಯಾಸ ಮಾಡುವುದರ ಒಂದೇ ಅನನುಕೂಲ ಇದು.

ಫೋನಿನಲ್ಲಿ ಮುದ್ರಿಸಿಕೊಂಡು ಕೇಳುವುದನ್ನು ಈ ಹಂತದಲ್ಲಿ ತಪ್ಪಿಸಬೇಡಿ, ಫೋನು ಮೂರು ಮೀಟರ್ ದೂರದಲ್ಲಿರಲಿ. ಕಂಠದ ಸದ್ದು ಮೂಳೆಯ ಮೂಲಕವೂ ನಮ್ಮ ಕಿವಿಗೆ ತಲುಪುವುದರಿಂದ ನುಡಿಸುವವನಿಗೆ ಸಿಂಹಗರ್ಜನೆ ಅನ್ನಿಸಿದ್ದು ಹೊರಗೆ ಬೆಕ್ಕಿನ ಗುರ್‌ನಷ್ಟೇ ಇರಬಹುದು.

ಏಳನೆಯ ವಾರ ಕೈಯ ಕೆಲಸ. ಟ್ರಂಪೆಟ್ ಬೆಲ್ಲಿನ ಅಗಲ ಸುಮಾರು 12 ಸೆಂಟಿಮೀಟರು, ಅದಕ್ಕೆ 12–13 ಸೆಂಟಿಮೀಟರಿನ ರಬ್ಬರ್ ಕಪ್ಪು ಸರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಂಕಿಗೆ ಎಂದು ಕೇಳಿದರೆ ಸಿಗುತ್ತದೆ, ಕಕ್ಕಸಿಗೆ ಬಳಸುವ ದೊಡ್ಡದು ಬೇಡ. ವಾದ್ಯ ಜೊತೆಗೆ ಒಯ್ದು ಹಿಡಿದು ನೋಡಿ, ಅಂಗಡಿಯವರು ನಕ್ಕರೆ ನಗಲಿ. ಮರದ ಹಿಡಿಕೆ ತಿರುಗಿಸಿ ತೆಗೆದು ಬಿಸಾಕಿ. ಹಿಡಿಕೆಯ ಜಾಗದಲ್ಲಿ ತೂತಿಲ್ಲದಿದ್ದರೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕ ತೂತು ಕೊರೆದುಕೊಳ್ಳುವುದು ನನ್ನ ಪದ್ಧತಿ, ಪೂರ್ತಿ ಮುಚ್ಚಿದಾಗ ಉಸಿರು ಕಟ್ಟಿದಂತಾಗುವುದು ಕಡಿಮೆಯಾಗುತ್ತದೆ. ಹೊಸ ರಬ್ಬರಿನ ನಾತ ಹೋಗಲು ಸಾಬೂನು ನೀರಿನಲ್ಲಿ ಒಂದು ರಾತ್ರಿ ನೆನೆಸಿಡಿ.

ರಬ್ಬರ್ ಸಿಗದಾಗ ತೆಂಗಿನ ಕರಟ ಹಿಡಿದೂ ನೋಡಿದ್ದೇನೆ. ದನಿ ಚುರುಕಾಗಿ ಬರುತ್ತದೆ, ಆದರೆ ಅದರ ಅಂಚು ಬೆಲ್ಲಿನ ಪಾಲಿಶ್ ಗೀರುತ್ತದೆ, ಜೊತೆಗೆ ಟಕ್ ಟಕ್ ಸದ್ದು. ಅಂಚಿಗೆ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದರೆ ನಡೆಯುತ್ತದೆ. ಜಾಝಿನ ಹಳಬರು ಬೆಲ್ಲಿನ ಮುಂದೆ ಟೋಪಿ ಹಿಡಿಯುತ್ತಿದ್ದರು. ನಮ್ಮಲ್ಲಿ ಅಡಿಕೆ ಹಾಳೆಯ ಟೋಪಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ದನಿಯ ಚೂಪನ್ನು ಹಾಳೆ ಹೀರಿಕೊಂಡು ಮೆತ್ತಗೆ ಮಾಡುತ್ತದೆ. ಗುಟುರಿಗಿಂತ ಅದು ಹಾಡಿನ ನಿಧಾನ ಭಾಗಕ್ಕೆ ಚೆಂದ.

ಎಡಗೈ ಕಪ್ಪು ಹಿಡಿದಿತೆಂದರೆ ವಾದ್ಯದ ಭಾರವೆಲ್ಲ ಬಲಗೈಗೆ. ಸುಮಾರು ಒಂದು ಕಿಲೋ. ಬಲಗೈ ಹೆಬ್ಬೆರಳು ಮೊದಲ ಮತ್ತು ಎರಡನೆಯ ವಾಲ್ವಿನ ನಡುವೆ ಕೊಳವೆಯ ಕೆಳಗೆ ಗಟ್ಟಿಯಾಗಿ ನಿಲ್ಲಲಿ, ಕಿರುಬೆರಳು ಕೊಕ್ಕೆಯಲ್ಲಿ. ಆ ಕೊಕ್ಕೆಯೇ ಮೋಸಗಾರ. ಭಾರ ತಡೆಯಲು ಕಿರುಬೆರಳು ಎಳೆದಷ್ಟೂ ಮೌತ್‌ಪೀಸ್ ತುಟಿಗೆ ಒತ್ತುತ್ತದೆ, ಮೂರನೆಯ ವಾಲ್ವೂ ಸೋಮಾರಿಯಾಗುತ್ತದೆ. ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಬೆಲ್ಲನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಸುಧಾರಿಸುತ್ತದೆ. ಮೊದಲ ವಾರ ಐದು ನಿಮಿಷಕ್ಕೇ ಮಣಿಕಟ್ಟು ನೋಯುತ್ತದೆ.

ಕಪ್ಪಿನ ಕೆಳ ಅಂಚು ಬೆಲ್ಲಿನ ಕೆಳ ಅಂಚಿಗೆ ತಾಗಿಕೊಂಡೇ ಇರಲಿ, ಅದೇ ಬಿಜಾಗರಿ. ಡಬ್ಬದ ಮುಚ್ಚಳದ ಹಾಗೆ ಮೇಲ್ಭಾಗ ಮಾತ್ರ ತೆರೆದು ಮುಚ್ಚಬೇಕು. ಗಾಳಿಯಲ್ಲಿ ಬೀಸಣಿಗೆಯಂತೆ ಆಡಿಸಿದರೆ ನೋಡುವವರಿಗೆ ಮಜಾ, ಕೇಳುವವರಿಗೆ ಏನೂ ಇಲ್ಲ. ಮುಚ್ಚಿದಾಗ ಊ, ತೆರೆದಾಗ ಆ. ಬರವಣಿಗೆಯಲ್ಲಿ ಮುಚ್ಚಿದ್ದಕ್ಕೆ ಕೂಡಿಸುವ ಚಿಹ್ನೆ, ತೆರೆದದ್ದಕ್ಕೆ ಸಣ್ಣ ಸೊನ್ನೆ ಹಾಕುತ್ತಾರೆ. ಪೂರ್ತಿ ಮುಚ್ಚುವುದು ಅಪರೂಪಕ್ಕೆ ಇರಲಿ, ಒಂದು ಬೆರಳಿನಷ್ಟು ಸಂದು ಬಿಟ್ಟ ಜಾಗದಲ್ಲಿಯೇ ದನಿ ಹೆಚ್ಚು ಮಾತಾಡುತ್ತದೆ. ಅಭ್ಯಾಸಕ್ಕೆ ಕನ್ನಡದ ಎರಡು ಮಾತು ಸಾಕು. ‘ಹೂಂ’ ಅನ್ನಿಸಿ: ಸಂದಿನಿಂದ ಶುರುವಾಗಿ ಮುಚ್ಚುವುದು. ‘ಊಹೂಂ’ ಅನ್ನಿಸಿ: ಮುಚ್ಚಿ, ಚೂರೇ ತೆರೆದು, ಮತ್ತೆ ಮುಚ್ಚುವುದು, ಎರಡನೆಯದು ಒಂದು ಸ್ವರ ಕೆಳಗೆ. ಪಕ್ಕದ ಕೋಣೆಯಲ್ಲಿ ಇರುವವರಿಗೆ ಯಾವುದು ಹೌದು ಯಾವುದು ಅಲ್ಲ ಎಂದು ಗೊತ್ತಾದರೆ ಕೈ ಪಳಗಿದೆ ಅಂತ.

ಒಳಗೆ ಹಾಕುವ ಮ್ಯೂಟಿಗೆ ಪಿಕ್ಸಿ ಎಂದು ಹೆಸರು. ಸಾದಾ ಸ್ಟ್ರೇಟ್ ಮ್ಯೂಟ್ ಬೆಲ್ಲಿನಿಂದ ಹೊರಗೆ ಚಾಚಿಕೊಂಡಿರುವುದರಿಂದ ಕಪ್ಪು ಮುಚ್ಚಲು ಬಿಡುವುದಿಲ್ಲ. ಪಿಕ್ಸಿ ಸಪೂರ, ಬೆಲ್ಲಿನೊಳಗೇ ಅಡಗುತ್ತದೆ. ಅದರ ಕಾರ್ಕ್ ಪಟ್ಟಿಗಳು ದಪ್ಪವಿದ್ದರೆ ಮರಳುಕಾಗದದಲ್ಲಿ ನಾಲ್ಕೇ ನಾಲ್ಕು ಸಲ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ. ಹೆಚ್ಚು ತೆಗೆದರೆ ಸೇರಿಸಲು ಬರುವುದಿಲ್ಲ. ಹಾಕುವ ಮೊದಲು ಕಾರ್ಕಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಒಳಗಿಟ್ಟು ಸ್ವಲ್ಪ ತಿರುಗಿಸಿದರೆ ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಸಭೆಯ ನಡುವೆ ಠಣ್ ಎಂದು ಬೀಳುತ್ತದೆ. ಮ್ಯೂಟು ಹಾಕಿದರೆ ಶ್ರುತಿ ಏರುತ್ತದೆ, ಶ್ರುತಿ ಹೊಂದಿಸುವ ಜಾರುಕೊಳವೆಯನ್ನು, ಅಂದರೆ ಟ್ಯೂನಿಂಗ್ ಸ್ಲೈಡನ್ನು, ಎಷ್ಟು ಎಳೆಯಬೇಕೆಂದು ಟ್ಯೂನರಿನಲ್ಲಿ ನೋಡಿ ಸ್ಲೈಡಿನ ಮೇಲೆ ಪೆನ್ಸಿಲ್ ಗುರುತು ಹಾಕಿಟ್ಟುಕೊಳ್ಳಿ.

ಕೊನೆಯ ಎರಡು ವಾರ ಜೋಡಣೆಗೆ. ನಾನು ಇಟ್ಟುಕೊಂಡ ಕ್ರಮ: ಮೊದಲು ಕೈ ಮತ್ತು ಸಾದಾ ಸ್ವರ, ಆಮೇಲೆ ಕೈ ಮತ್ತು ಕಂಠ, ಕೊನೆಗೆ ಕೈ, ಕಂಠ, ಕಿರುನಾಲಿಗೆ ಮೂರೂ. ಕಂಠ ಮತ್ತು ಕಿರುನಾಲಿಗೆ ಎರಡೂ ಸೇರಿದಾಗ ಗಾಳಿ ಮೂರು ಕಡೆ ಖರ್ಚಾಗುತ್ತದೆ, ಐದು ಎಣಿಕೆ ಹಿಡಿದರೆ ಹೆಚ್ಚು. ಒಂದು ಸಾಲಿನ ಕೊನೆಯ ದೀರ್ಘ ಸ್ವರಕ್ಕೆ ಮಾತ್ರ ಇಟ್ಟುಕೊಳ್ಳಿ. ಸಾಲುಸಾಲೆಲ್ಲ ಗುಟುರು ಹಾಕುವವರನ್ನು ಕೇಳಿದರೆ ಊಟವೆಲ್ಲ ಬರೀ ಉಪ್ಪಿನಕಾಯಿಯಲ್ಲಿ ಮುಗಿಸಿದಂತೆ ಆಗುತ್ತದೆ.

ಎಲ್ಲಿ ಯಾವುದು ಎಂಬ ಲೆಕ್ಕವೂ ಬೇಕು. ಗಣಪತಿ ಬಿಡುವ ಮೆರವಣಿಗೆಯಲ್ಲಿ ಡೊಳ್ಳು, ಸೈಡ್ ಡ್ರಮ್ಮುಗಳ ನಡುವೆ ರಬ್ಬರ್ ಕಪ್ಪು ಹಿಡಿದು ನಿಂತರೆ ಪಕ್ಕದ ಕ್ಲಾರಿನೆಟ್‌ನವರಿಗೂ ಕೇಳಿಸದು. ಬಯಲಿನಲ್ಲಿ ನಡೆಯುವುದು ತುದಿನಾಲಿಗೆಯ ಉರುಳು ಒಂದೇ, ಅದೂ ಮೇಲಿನ ಸ ಆಸುಪಾಸಿನಲ್ಲಿ. ಕಂಠ ಮತ್ತು ಕಪ್ಪಿನ ಕೆಲಸ ಏನಿದ್ದರೂ ಛತ್ರದ ಒಳಗೆ, ಮೈಕಿನ ಮುಂದೆ. ಭಕ್ತಿಗೀತೆಗೆ ಬೇಡ. ನಡೆಯುತ್ತ ನುಡಿಸುವಾಗ ಕಂಠದ ಗುಟುರು ಪ್ರತಿ ಹೆಜ್ಜೆಗೂ ಒಡೆಯುತ್ತದೆ, ನಿಂತಾಗಲೇ ಹಾಕಿ.

ಇನ್ನು ವಾದ್ಯದ ಆರೈಕೆ. ಗುಟುರು ಅಭ್ಯಾಸದಲ್ಲಿ ಜೊಲ್ಲು ಸಾಮಾನ್ಯಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಅದು ಒಣಗುವುದೂ ಇಲ್ಲ. ಪ್ರತಿದಿನ ಮುಗಿಸಿದ ಮೇಲೆ ನೀರು ಬಿಟ್ಟು ಸ್ಲೈಡ್ ಎಳೆದು ಕೊಡವಿ, ವಾರಕ್ಕೊಮ್ಮೆ ಮೌತ್‌ಪೀಸ್ ಹಾಕುವ ಕೊಳವೆಗೆ ಬ್ರಷ್ ಹಾಯಿಸಿ. ಆ ಕೊಳವೆಯಲ್ಲೇ ಹಿತ್ತಾಳೆಯ ಸತು ಕರಗಿ ಹೊರಗೆ ಕೆಂಪು ಚುಕ್ಕೆ ಏಳುವುದು, ಒಮ್ಮೆ ಎದ್ದರೆ ಉಜ್ಜಿದರೆ ಹೋಗುವಂಥದ್ದಲ್ಲ. ಮ್ಯೂಟಿನ ಕಾರ್ಕನ್ನು ಪೆಟ್ಟಿಗೆಯೊಳಗೆ ಒದ್ದೆಯಾಗಿ ಇಡಬೇಡಿ, ಬೂಸ್ಟು ಹಿಡಿಯುತ್ತದೆ. ರಬ್ಬರ್ ಕಪ್ಪಿನ ಒಳಗೆ ಪೇಂಟಿನಲ್ಲಿ ದೊಡ್ಡದಾಗಿ ‘ಟ್ರಂಪೆಟ್’ ಎಂದು ಬರೆದಿಡಿ. ಹಿಡಿಕೆ ಇಲ್ಲದಿದ್ದರೂ ಸಿಂಕ್ ಕಟ್ಟಿಕೊಂಡ ದಿನ ಮನೆಯವರು ಮೊದಲು ಹುಡುಕುವುದು ಅದನ್ನೇ.